ರಿಸೀವ್ ರಿಂಗ್ ಬರಿದಾಗುವುದೇಕೆ, ತಡೆಯುವುದು ಹೇಗೆ?

ಪ್ರಶ್ನೆ: 64 ಬಿಟ್ ಆರ್ಮ್ ಬೋರ್ಡ್ ಒಂದರ ಗಿಗಾಬಿಟ್ ಈಥರ್ನೆಟ್ ಮ್ಯಾಕ್‌ಗೆ (ಫ್ರೇಮ್‌ಗಳನ್ನು ಕಳಿಸಿ ಪಡೆಯುವ ಹಾರ್ಡ್‌ವೇರ್) ಲಿನಕ್ಸ್ 5.15ರಲ್ಲಿ ಡ್ರೈವರ್ ಬರೆಯುತ್ತಿದ್ದೇನೆ. ರಿಸೀವ್ ರಿಂಗ್‌ನಲ್ಲಿ (ಬಂದ ಫ್ರೇಮ್ ಎಲ್ಲಿಡಬೇಕೆಂದು ಹಾರ್ಡ್‌ವೇರ್‌ಗೆ ಹೇಳುವ ಸುತ್ತುಪಟ್ಟಿ) 256 ಡಿಸ್ಕ್ರಿಪ್ಟರ್ (ಆ ಪಟ್ಟಿಯ ನಮೂದು), ಎಂಟಿಯು (ಒಂದು ಫ್ರೇಮ್ ಹೊರಬಲ್ಲ ಗರಿಷ್ಠ ಡೇಟಾ) 9000 ಬೈಟ್. ಪ್ರತಿ ಡಿಸ್ಕ್ರಿಪ್ಟರ್‌ಗೂ ಇಡೀ ಫ್ರೇಮ್ ಹಿಡಿಸುವಷ್ಟು ದೊಡ್ಡ ಎಸ್‌ಕೆಬಿ (ಲಿನಕ್ಸ್ ಪ್ಯಾಕೆಟ್ ಇಡುವ ಬಫರ್) ಒಂದನ್ನು ಕೊಡುತ್ತೇನೆ. ಲೋಡ್ ಹಾಕಿ ಕೆಲವು ಗಂಟೆ ಬಿಟ್ಟರೆ ಕರ್ನಲ್ ಲಾಗ್‌ನಲ್ಲಿ "ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 2" ಎಂದು ಬಂದು, ಸ್ವಲ್ಪ ಹೊತ್ತಿಗೆ ರಿಸೀವ್ ಪೂರ್ತಿ ನಿಂತುಬಿಡುತ್ತದೆ. ಟ್ರಾನ್ಸ್‌ಮಿಟ್ ಮಾತ್ರ ನಡೆಯುತ್ತಿರುತ್ತದೆ. ಆಗಲೂ ಸುಮಾರು 300 ಎಂಬಿ ಮೆಮೊರಿ ಖಾಲಿ ತೋರಿಸುತ್ತದೆ. ಇಂಟರ್‌ಫೇಸ್ ಡೌನ್ ಮಾಡಿ ಅಪ್ ಮಾಡಿದರೆ ಸರಿಹೋಗುತ್ತದೆ. ಆದರೆ ಪ್ರತಿ ಡೌನ್-ಅಪ್‌ಗೂ ಹತ್ತಿರ ಹತ್ತಿರ 4 ಎಂಬಿ ಮೆಮೊರಿ ವಾಪಸ್ ಬರುವುದಿಲ್ಲ. ಡೌನ್ ಮಾಡುವಾಗ ಹಾರ್ಡ್‌ವೇರ್ ಬಳಿ ಇರುವ ಬಫರ್‌ಗಳನ್ನು ಫ್ರೀ ಮಾಡಿದರೆ ಕರ್ನಲ್ ಎಲ್ಲೆಲ್ಲೋ ಕ್ರ್ಯಾಶ್ ಆಗುತ್ತದೆ, ಅದಕ್ಕೆ ಅವುಗಳನ್ನು ಮುಟ್ಟದೆ ಬಿಟ್ಟಿದ್ದೇನೆ. ಪೇಜ್ ಪೂಲ್‌ಗೆ (ಪೇಜ್‌ಗಳನ್ನು ಮರುಬಳಸುವ ಕರ್ನಲ್ ಸೌಲಭ್ಯ) ಬದಲಾಯಿಸಿದರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ: ಪೇಜ್ ಪೂಲ್‌ಗೆ ಹೋಗಿ, ಅದು ಸರಿಯಾದ ದಾರಿಯೇ. ಆದರೆ ಈಗಿರುವ ತಪ್ಪುಗಳನ್ನು ಹೊತ್ತುಕೊಂಡೇ ಹೋದರೆ ಅವು ಅಲ್ಲಿಗೂ ಬರುತ್ತವೆ. ಆರ್ಡರ್ 2 ಫೇಲ್ಯೂರ್ ಬರೀ ಗಾತ್ರದ ಸಮಸ್ಯೆ. ರಿಸೀವ್ ನಿಲ್ಲುವುದು, 4 ಎಂಬಿ ಸೋರುವುದು, ಫ್ರೀ ಮಾಡಿದರೆ ಕ್ರ್ಯಾಶ್ ಆಗುವುದು, ಈ ಮೂರೂ ಒಂದೇ ಬೇರಿನವು: ಯಾವ ಬಫರ್ ಯಾವ ಗಳಿಗೆಯಲ್ಲಿ ಯಾರ ಕೈಯಲ್ಲಿದೆ ಎಂಬ ಲೆಕ್ಕ ಡ್ರೈವರ್‌ಗೆ ತಪ್ಪಿದೆ. (ಫಂಕ್ಷನ್ ಹೆಸರುಗಳನ್ನು ಓದುವ ಹಾಗೇ ಬರೆದಿದ್ದೇನೆ. ನಡುವಿನ ಅಂಡರ್‌ಸ್ಕೋರ್ ನೀವೇ ಹಾಕಿಕೊಳ್ಳಿ.)

300 ಎಂಬಿ ಇದ್ದೂ 16 ಕೆಬಿ ಸಿಗದಿರುವುದು

ನಿಮ್ಮ ಒಂದು ಬಫರ್ ನಿಜವಾಗಿ ಎಷ್ಟು ದೊಡ್ಡದು ಎಂದು ಕೂಡಿ ನೋಡೋಣ. ಎಂಟಿಯು 9000, ಈಥರ್ನೆಟ್ ಹೆಡರ್ 14, ವಿಲ್ಯಾನ್ ಟ್ಯಾಗ್ 4, ಎಫ್‌ಸಿಎಸ್ (ಫ್ರೇಮ್ ಕೊನೆಯ ದೋಷಪರೀಕ್ಷೆ ಸಂಖ್ಯೆ) 4, ಒಟ್ಟು 9022. ಅದರ ಮುಂದೆ ಕರ್ನಲ್ ಇಡುವ ಖಾಲಿ ಜಾಗ, ಅಂದರೆ ಹೆಡ್‌ರೂಮ್, 64 ಬೈಟ್. 9086 ಆಯಿತು, 64ರ ಗುಣಕಕ್ಕೆ ಏರಿಸಿದರೆ 9088. ಬಾಲದಲ್ಲಿ ಶೇರ್ಡ್ ಇನ್ಫೊ ಎಂಬ ರಚನೆ ಕೂರಬೇಕು, 64 ಬಿಟ್ ಯಂತ್ರದಲ್ಲಿ ಅದಕ್ಕೆ 320 ಬೈಟ್. ಎಲ್ಲ ಸೇರಿ 9408. ಕರ್ನಲ್‌ನಲ್ಲಿ ಮೆಮೊರಿ ಕೊಡುವ ಕೆಮ್ಯಾಲಾಕ್‌ನ ಸ್ಲ್ಯಾಬ್‌ಗಳು (ಗಾತ್ರವಾರು ಸಿದ್ಧ ತುಂಡುಗಳು) 8192ಕ್ಕೇ ಮುಗಿಯುತ್ತವೆ. ಅದಕ್ಕಿಂತ ದೊಡ್ಡದು ಕೇಳಿದರೆ ಪೇಜ್ ಅಲೊಕೇಟರ್ ಎರಡರ ಘಾತದಲ್ಲೇ ಕೊಡುತ್ತದೆ, ಅಂದರೆ 16384. ಒಂದಕ್ಕೊಂದು ಅಂಟಿಕೊಂಡ, 4096 ಬೈಟ್‌ನ ನಾಲ್ಕು ಪೇಜ್ ಬೇಕು (ಆರ್ಡರ್ 2 ಎಂದರೆ ಇದೇ), ಅದರಲ್ಲಿ 6976 ಬೈಟ್ ದಂಡ.

ಮೆಮೊರಿ ಇಲ್ಲವೆಂದು ಅಲೊಕೇಶನ್ ಫೇಲ್ ಆಗುತ್ತಿಲ್ಲ, ಅಕ್ಕಪಕ್ಕದಲ್ಲಿ ನಾಲ್ಕು ಸಿಗುತ್ತಿಲ್ಲ ಎಂದು ಆಗುತ್ತಿದೆ. ಆ 300 ಎಂಬಿ ಬಿಡಿಬಿಡಿ ಪೇಜ್‌ಗಳಾಗಿ ಚೆದುರಿಹೋಗಿದೆ. ಸಾಮಾನ್ಯ ಪ್ರೋಸೆಸ್ ಕೇಳಿದ್ದರೆ ಕರ್ನಲ್ ಸ್ವಲ್ಪ ಕಾಯಿಸಿ, ಪೇಜ್‌ಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಡುತ್ತಿತ್ತು. ನೀವು ಕೇಳುತ್ತಿರುವುದು ನ್ಯಾಪಿ ಪೋಲ್ (ಇಂಟರಪ್ಟ್ ಬಂದ ಮೇಲೆ ಪ್ಯಾಕೆಟ್ ಎತ್ತಿಕೊಳ್ಳಲು ಕರ್ನಲ್ ಕರೆಯುವ ಡ್ರೈವರ್ ಫಂಕ್ಷನ್) ಒಳಗಿಂದ, ಜಿಎಫ್‌ಪಿ ಅಟಾಮಿಕ್‌ನಲ್ಲಿ. ಅಲ್ಲಿ ನಿದ್ರಿಸುವಂತಿಲ್ಲ, ಹಾಗಾಗಿ ಕಾಯುವ ಮಾತೇ ಇಲ್ಲ: ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರಾಕ್ ಒಳಗಿನ ಬಡ್ಡಿಇನ್ಫೊ ಕಡತ ತೆರೆದು ನೋಡಿ. ಅದರಲ್ಲಿ ಆರ್ಡರ್‌ವಾರು ಖಾಲಿ ಬ್ಲಾಕ್‌ಗಳ ಎಣಿಕೆ ಇರುತ್ತದೆ: ಎಡಗಡೆಯ ಎರಡು ಕಾಲಂಗಳಲ್ಲಿ ಸಾವಿರಗಟ್ಟಲೆ, ಮೂರನೆಯದರಿಂದ ಆಚೆಗೆ ಸೊನ್ನೆ ಇಲ್ಲವೇ ಬೆರಳೆಣಿಕೆ, ಇಷ್ಟೇ ಕಾಣುತ್ತದೆ. ಮಿನ್ ಫ್ರೀ ಕೆಬೈಟ್ಸ್ (ಕರ್ನಲ್ ಖಾಲಿ ಉಳಿಸಿಕೊಳ್ಳುವ ಮೆಮೊರಿಯ ಮಿತಿ) ಹೆಚ್ಚಿಸಿ ಎಂಬ ಸಲಹೆ ನಿಮಗೆ ಈಗಾಗಲೇ ಸಿಕ್ಕಿರಬಹುದು. ಹೆಚ್ಚಿಸಿದರೆ ಎರಡು ಗಂಟೆಗೆ ಬರುವುದು ಎಂಟು ಗಂಟೆಗೆ ಬರುತ್ತದೆ, ಅಷ್ಟೇ.

ಇದರದ್ದೇ ಇನ್ನೊಂದು ಪೆಟ್ಟಿದೆ, ನೀವು ಗಮನಿಸಿರಲಿಕ್ಕಿಲ್ಲ. ಸಾಕೆಟ್‌ನ ರಿಸೀವ್ ಬಫರ್ ಲೆಕ್ಕ ಇಡುವುದು ಪ್ಯಾಕೆಟ್‌ನ ಉದ್ದವನ್ನಲ್ಲ, ಅದು ಕೂತಿರುವ ಮೆಮೊರಿಯನ್ನು, ಅಂದರೆ ಟ್ರೂಸೈಜನ್ನು. 100 ಬೈಟ್‌ನ ಯುಡಿಪಿ ಪ್ಯಾಕೆಟ್ ಬಂದರೂ ನಿಮ್ಮ ಡ್ರೈವರ್‌ನಲ್ಲಿ ಅದರ ಟ್ರೂಸೈಜ್ 16384ಕ್ಕೆ ಎಸ್‌ಕೆಬಿ ತಲೆಯ 256 ಸೇರಿ 16640. ಸಾಕೆಟ್‌ನ ಡೀಫಾಲ್ಟ್ ಮಿತಿ 212992. ಭಾಗಿಸಿದರೆ ಹದಿಮೂರು ಪ್ಯಾಕೆಟ್‌ಗೆ ಸಾಕೆಟ್ ತುಂಬಿತು! ಡಿಎನ್‌ಎಸ್ ಇರಲಿ, ಸಿಸ್‌ಲಾಗ್ ಇರಲಿ, ಸಣ್ಣ ಯುಡಿಪಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದರೆ ಕಾರಣ ಇಲ್ಲಿದೆ. ಟ್ರೂಸೈಜನ್ನು ಸುಳ್ಳು ಹೇಳಿ ಕಡಿಮೆ ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಹಾಗೆ ಮಾಡಿದರೆ ದುರುದ್ದೇಶದ ಯಾವನೋ ಸಣ್ಣ ಪ್ಯಾಕೆಟ್ ಸುರಿದು ಬೋರ್ಡ್‌ನ ಮೆಮೊರಿಯೆಲ್ಲ ನುಂಗಬಹುದು, ಕರ್ನಲ್‌ಗೆ ಗೊತ್ತೂ ಆಗುವುದಿಲ್ಲ.

ಪರಿಹಾರ: ಇಡೀ ಫ್ರೇಮ್ ಒಂದೇ ಬಫರ್‌ನಲ್ಲಿರಬೇಕೆಂಬ ಹಟ ಬಿಡಿ. ಜಂಬೊ ಫ್ರೇಮ್ (ಎಂಟಿಯು 1500ಕ್ಕಿಂತ ದೊಡ್ಡದು) ಹಿಡಿಯುವ ಹೆಚ್ಚಿನ ಮ್ಯಾಕ್‌ಗಳು ಒಂದು ಫ್ರೇಮನ್ನು ಹಲವು ಡಿಸ್ಕ್ರಿಪ್ಟರ್‌ಗಳಿಗೆ ಹರಡಬಲ್ಲವು. ಡಿಸ್ಕ್ರಿಪ್ಟರ್‌ನಲ್ಲಿ ಮೊದಲ ತುಂಡು, ಕೊನೆಯ ತುಂಡು ಎಂದು ಹೇಳುವ ಎರಡು ಬಿಟ್ ಇರುತ್ತವೆ. ಪ್ರತಿ ಡಿಸ್ಕ್ರಿಪ್ಟರ್‌ಗೆ ಒಂದೊಂದೇ 4096ರ ಪೇಜ್ ಕೊಡಿ. ಮುಂದೆ 64, ಹಿಂದೆ 320 ಬಿಟ್ಟರೆ ಹಾರ್ಡ್‌ವೇರ್ ಬರೆಯಲು 3712 ಬೈಟ್ ಉಳಿಯುತ್ತದೆ. 9022ಕ್ಕೆ ಮೂರು ಡಿಸ್ಕ್ರಿಪ್ಟರ್ ಸಾಕು. ಆಗ 256 ಡಿಸ್ಕ್ರಿಪ್ಟರ್‌ಗೆ 85 ಜಂಬೊ ಫ್ರೇಮ್ ಮಾತ್ರ ಹಿಡಿಯುವುದರಿಂದ ರಿಂಗನ್ನು 1024ಕ್ಕೆ ಏರಿಸಿ. 1024 ಪೇಜ್ ಎಂದರೆ 4 ಎಂಬಿ. ಈಗ ನೀವು ಖರ್ಚು ಮಾಡುತ್ತಿರುವುದೂ 256 ಗುಣಿಸು 16 ಕೆಬಿ, ಅದೂ 4 ಎಂಬಿ. ಅದೇ ಮೆಮೊರಿಯಲ್ಲಿ 341 ಜಂಬೊ ಇಲ್ಲವೇ 1024 ಸಣ್ಣ ಫ್ರೇಮ್ ಹಿಡಿಯುತ್ತದೆ, ಆರ್ಡರ್ 2ರ ಗೊಡವೆಯೇ ಇರುವುದಿಲ್ಲ. ಎಂಟಿಯು ಬದಲಾದರೂ ಬಫರ್ ಗಾತ್ರ ಬದಲಾಗದು, ಆದ್ದರಿಂದ ಎಂಟಿಯು ಬದಲಿಸುವಾಗ ರಿಂಗ್ ಕಿತ್ತು ಮತ್ತೆ ಕಟ್ಟುವ ಕೆಲಸವೂ ತಪ್ಪುತ್ತದೆ.

ಎಂಟಿಯು 1500 ಮಾತ್ರ ಸಾಕಿದ್ದರೆ ಅರ್ಧ ಪೇಜ್ ಸಾಕಲ್ಲವೇ ಎಂದು ಕೇಳಬಹುದು. 64ಕ್ಕೆ 1522 ಸೇರಿಸಿ, ಏರಿಸಿ, 320 ಕೂಡಿದರೆ 1920, ಹೌದು, 2048ರಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಎಕ್ಸ್‌ಡಿಪಿ (ಡ್ರೈವರ್ ಹಂತದಲ್ಲೇ ಪ್ಯಾಕೆಟ್ ಸಂಸ್ಕರಿಸುವ ಸೌಲಭ್ಯ) ಬೇಕೆಂದು ಹೆಡ್‌ರೂಮ್ 256 ಇಟ್ಟಿರೋ, ಲೆಕ್ಕ 2112 ಆಗಿ 64 ಬೈಟ್‌ನಿಂದ ತಪ್ಪಿಹೋಗುತ್ತದೆ. 192 ಇಟ್ಟರೆ ಸರಿಯಾಗಿ 2048. ಕೆಲವು ಡ್ರೈವರ್‌ಗಳಲ್ಲಿ 192 ಎಂಬ ವಿಚಿತ್ರ ಸಂಖ್ಯೆ ಕಂಡು ತಲೆ ಕೆರೆದುಕೊಂಡಿದ್ದರೆ ಅದರ ಹಿಂದಿನ ಲೆಕ್ಕ ಇದು.

ರಿಸೀವ್ ಏಕೆ ಸಾಯುತ್ತದೆ

ಅಲೊಕೇಶನ್ ಫೇಲ್ ಆದರೆ ಒಂದಷ್ಟು ಪ್ಯಾಕೆಟ್ ಬೀಳಬೇಕು. ಮೆಮೊರಿ ಮರಳಿದ ಮೇಲೆ ಎಲ್ಲ ಮತ್ತೆ ನಡೆಯಬೇಕು. ನಿಮ್ಮಲ್ಲಿ ನಡೆಯುತ್ತಿಲ್ಲ ಎಂದರೆ ಪೋಲ್ ಫಂಕ್ಷನ್ನಿನ ಕ್ರಮ ಹೆಚ್ಚುಕಡಿಮೆ ಹೀಗಿರಬೇಕು: ತುಂಬಿದ ಎಸ್‌ಕೆಬಿಯನ್ನು ಮೇಲಕ್ಕೆ ಕೊಟ್ಟಿರಿ, ಆಮೇಲೆ ಆ ಜಾಗಕ್ಕೆ ಹೊಸದನ್ನು ಕೇಳಿದಿರಿ, ಸಿಗಲಿಲ್ಲ, ಮುಂದಿನ ಡಿಸ್ಕ್ರಿಪ್ಟರ್‌ಗೆ ಹೋದಿರಿ. ರಿಂಗ್‌ನಲ್ಲಿ ಒಂದು ತೂತು ಬಿತ್ತು. ಒತ್ತಡ ಮುಂದುವರಿದರೆ ತೂತುಗಳು ಹೆಚ್ಚುತ್ತವೆ. ಮ್ಯಾಕ್ ಸುತ್ತು ಹಾಕಿ ಆ ತೂತಿಗೆ ಬಂದಾಗ ಓನ್ ಬಿಟ್ (ಡಿಸ್ಕ್ರಿಪ್ಟರ್ ಈಗ ಯಾರದ್ದೆಂದು ಹೇಳುವ ಬಿಟ್) ತನ್ನ ಕಡೆ ಇಲ್ಲವೆಂದು ನೋಡಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಹಾರಿ ಮುಂದಕ್ಕೆ ಹೋಗುವುದು ಗೊತ್ತಿಲ್ಲ.

ಈಗ ಬಿಗಿಯುವ ಗಂಟು ನೋಡಿ. ಮ್ಯಾಕ್ ನಿಂತಿದೆ, ಪ್ಯಾಕೆಟ್ ಬರುವುದಿಲ್ಲ. ಪ್ಯಾಕೆಟ್ ಬಾರದೆ ಇಂಟರಪ್ಟ್ ಇಲ್ಲ. ಇಂಟರಪ್ಟ್ ಇಲ್ಲದೆ ನ್ಯಾಪಿ ಓಡುವುದಿಲ್ಲ. ನ್ಯಾಪಿ ಓಡದೆ ತೂತು ತುಂಬುವವರಿಲ್ಲ. ಮೆಮೊರಿ ಐದು ನಿಮಿಷದ ನಂತರ ಧಾರಾಳವಾಗಿ ಸಿಗುವಂತಾದರೂ ಕೇಳುವವರೇ ಇಲ್ಲ. ಡೌನ್-ಅಪ್ ಮಾಡಿದಾಗ ಓಪನ್ ಫಂಕ್ಷನ್ ರಿಂಗನ್ನು ಹೊಸದಾಗಿ ತುಂಬುತ್ತದೆ, ಅದಕ್ಕೇ ಸರಿಹೋಗುತ್ತದೆ.

ಮನೆಗೆ ಗ್ಯಾಸ್ ತರುವವರ ಕ್ರಮ ಗೊತ್ತಲ್ಲ? ಖಾಲಿ ಸಿಲಿಂಡರ್ ಕೈಗೆ ಬಂದ ಮೇಲೆಯೇ ತುಂಬಿದ್ದು ಇಳಿಸುತ್ತಾರೆ. ಡ್ರೈವರ್ ಕೂಡ ಹಾಗೇ ಇರಬೇಕು. ಹಳೆಯ, ಗಟ್ಟಿ ಕ್ರಮ ಇದು:

ಮೊದಲು ಡಿಸ್ಕ್ರಿಪ್ಟರ್‌ನ ಓನ್ ಬಿಟ್ ಓದಿ. ನಮ್ಮ ಕಡೆಗೆ ಬಂದಿದ್ದರೆ ಡಿಎಂಎ ಆರ್‌ಎಂಬಿ ಬ್ಯಾರಿಯರ್ (ಓದುವ ಕ್ರಮ ತಪ್ಪದಂತೆ ತಡೆಯುವ ಸೂಚನೆ) ಹಾಕಿ, ಆಮೇಲಷ್ಟೇ ಉದ್ದ ಮತ್ತು ಸ್ಟೇಟಸ್ ಓದಿ. ಸ್ಟೇಟಸ್‌ನಲ್ಲಿ ಎರರ್ ಇದ್ದರೆ ಅದೇ ಬಫರನ್ನು ಹಾಗೇ ವಾಪಸ್ ಕೊಡಿ. ಚೆನ್ನಾಗಿದ್ದರೆ ಹೊಸ ಬಫರ್ ಕೇಳಿ, ಅದನ್ನು ಡಿಎಂಎಗೆ (ಹಾರ್ಡ್‌ವೇರ್ ನೇರವಾಗಿ ಮೆಮೊರಿ ಮುಟ್ಟುವುದು) ಮ್ಯಾಪ್ ಮಾಡಿ, ಮ್ಯಾಪಿಂಗ್ ಎರರ್ ಇದೆಯೇ ನೋಡಿ. ಎರಡರಲ್ಲಿ ಯಾವುದು ಕೈಕೊಟ್ಟರೂ ಬಂದ ಪ್ಯಾಕೆಟ್ ಬಿಟ್ಟುಬಿಡಿ, ಆರ್‌ಎಕ್ಸ್ ಡ್ರಾಪ್ಡ್ ಒಂದು ಹೆಚ್ಚಿಸಿ, ಹಳೆಯ ಬಫರನ್ನೇ ಮತ್ತೆ ಹಾರ್ಡ್‌ವೇರ್‌ಗೆ ಕೊಡಿ. ಎರಡೂ ಸಿಕ್ಕಿದ ಮೇಲೆಯೇ ಹಳೆಯದನ್ನು ಅನ್‌ಮ್ಯಾಪ್ ಮಾಡಿ ಮೇಲಕ್ಕೆ ಕಳಿಸುವುದು. ಹೊಸ ವಿಳಾಸವನ್ನು ಡಿಸ್ಕ್ರಿಪ್ಟರ್‌ನಲ್ಲಿ ಬರೆದು, ಡಿಎಂಎ ಡಬ್ಲ್ಯುಎಂಬಿ ಹಾಕಿ, ಕೊನೆಗೆ ಓನ್ ಬಿಟ್. ಈ ಬ್ಯಾರಿಯರ್ ಮರೆತರೆ ಮ್ಯಾಕ್ ಹೊಸ ಓನ್ ಬಿಟ್ ನೋಡಿ ಹಳೆಯ ವಿಳಾಸಕ್ಕೆ ಬರೆಯಬಹುದು. ಇಂಟೆಲ್ ಪಿಸಿಯಲ್ಲಿ ವರ್ಷಗಟ್ಟಲೆ ಓಡಿದ ಕೋಡ್ ಆರ್ಮ್‌ಗೆ ಬಂದು ಮುಗ್ಗರಿಸುವುದು ಹೆಚ್ಚಾಗಿ ಈ ಜಾಗದಲ್ಲೇ.

ಹೀಗೆ ಮಾಡಿದರೆ ರಿಂಗ್‌ನಲ್ಲಿ ತೂತು ಬೀಳುವುದಕ್ಕೆ ದಾರಿಯೇ ಇಲ್ಲ.

ವೇಗಕ್ಕಾಗಿ ಹಲವು ಡ್ರೈವರ್‌ಗಳು ಬೇರೆ ಥರ ಮಾಡುತ್ತವೆ: ಮೊದಲು ಸಿಕ್ಕಷ್ಟು ಪ್ಯಾಕೆಟ್ ಮೇಲಕ್ಕೆ ಕಳಿಸಿ, ಖಾಲಿಯಾದ ಜಾಗಗಳನ್ನು 16 ಅಥವಾ 32ರ ಗುಂಪಿನಲ್ಲಿ ಒಟ್ಟಿಗೆ ತುಂಬಿ, ಡೋರ್‌ಬೆಲ್ (ಹೊಸ ಬಫರ್ ಬಂತೆಂದು ಹಾರ್ಡ್‌ವೇರ್‌ಗೆ ತಿಳಿಸುವ ರಿಜಿಸ್ಟರ್) ಒಮ್ಮೆ ಮಾತ್ರ ಬಾರಿಸುವುದು. ತಪ್ಪೇನಿಲ್ಲ, ಆದರೆ ಹಿಂದಿನಿಂದ ಒಬ್ಬ ಕಾವಲುಗಾರ ಬೇಕು. ವರ್ಚುವಲ್ ಯಂತ್ರಗಳ ವರ್ಟಿಯೊ ನೆಟ್ ಡ್ರೈವರ್ ತುಂಬಲಾಗದಿದ್ದರೆ ಅರ್ಧ ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುವ ಡಿಲೇಡ್ ವರ್ಕ್ ಇಟ್ಟುಕೊಂಡಿದೆ. ಇಂಟೆಲ್‌ನ ಐ40ಇ ಫೇಲ್ ಆದಾಗ ಪೋಲ್‌ನಿಂದ ಪೂರ್ತಿ ಬಜೆಟ್ (ಒಂದು ಸಲಕ್ಕೆ ಅನುಮತಿಸಿದ ಪ್ಯಾಕೆಟ್ ಸಂಖ್ಯೆ) ವಾಪಸ್ ಕೊಡುತ್ತದೆ, ಕೆಲಸ ಮುಗಿದಿಲ್ಲವೆಂದು ನ್ಯಾಪಿ ಮತ್ತೆ ಕರೆಯುತ್ತದೆ. ಎರಡನೆಯದು ಬರೆಯಲು ಸುಲಭ, ಆದರೆ ಮೆಮೊರಿ ಕೊರತೆ ಇರುವಷ್ಟೂ ಹೊತ್ತು ಸಾಫ್ಟ್‌ಐಆರ್‌ಕ್ಯೂ (ನ್ಯಾಪಿಯನ್ನು ಓಡಿಸುವ ಕರ್ನಲ್ ವ್ಯವಸ್ಥೆ) ಸುಮ್ಮನೆ ತಿರುಗುತ್ತದೆ. ಸಣ್ಣ ಬೋರ್ಡ್‌ಗೆ ಟೈಮರ್ ದಾರಿಯೇ ಮೇಲು. ಯಾವುದನ್ನು ಆರಿಸಿದರೂ ತುಂಬಿದ ಮೇಲೆ ನಿಂತ ಮ್ಯಾಕನ್ನು ಎಬ್ಬಿಸುವುದನ್ನು ಮರೆಯಬೇಡಿ. ಸಿನಾಪ್ಸಿಸ್ ಡಿಸೈನ್‌ವೇರ್ ಮ್ಯಾಕ್‌ಗಳಲ್ಲಿ ಇಂಥ ಸ್ಥಿತಿಗೆ ರಿಸೀವ್ ಬಫರ್ ಅನ್‌ಅವೈಲಬಲ್ ಎಂಬ ಸ್ಟೇಟಸ್ ಬಿಟ್ ಇದೆ. ಹಳೆಯ ತಲೆಮಾರಿನಲ್ಲಿ ಪೋಲ್ ಡಿಮ್ಯಾಂಡ್ ರಿಜಿಸ್ಟರ್‌ಗೆ, ಹೊಸದರಲ್ಲಿ ಟೇಲ್ ಪಾಯಿಂಟರ್‌ಗೆ ಬರೆದರೆ ಎದ್ದು ಓಡುತ್ತದೆ. ನಿಮ್ಮ ಮ್ಯಾಕ್‌ನಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಡೇಟಾಶೀಟ್‌ನಲ್ಲಿ ಹುಡುಕಿ. ಆ ಬಿಟ್‌ಗೆ ಇಂಟರಪ್ಟ್ ಚಾಲೂ ಮಾಡಿ ಒಂದು ಕೌಂಟರ್ ಇಟ್ಟು ಈಥ್‌ಟೂಲ್‌ನಲ್ಲಿ ಕಾಣುವಂತೆ ಮಾಡಿದರೆ, ಮುಂದೆ ಯಾರಾದರೂ "ನೆಟ್‌ವರ್ಕ್ ನಿಂತಿತು" ಎಂದಾಗ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ರಿಂಗ್ ದೊಡ್ಡದಿದ್ದರೆ ಬರಿದಾಗುವುದಿಲ್ಲ ಎಂದುಕೊಳ್ಳಬೇಡಿ. ಗಿಗಾಬಿಟ್ ಲಿಂಕ್‌ನಲ್ಲಿ 64 ಬೈಟ್‌ನ ಫ್ರೇಮ್‌ಗಳು ಸೆಕೆಂಡ್‌ಗೆ 14.88 ಲಕ್ಷ ಬರಬಲ್ಲವು. 256 ಡಿಸ್ಕ್ರಿಪ್ಟರ್ ಆಗ ಸುಮಾರು 172 ಮೈಕ್ರೊಸೆಕೆಂಡ್‌ಗೆ ಮುಗಿಯಿತು.

ಜೊತೆಗೆ ಒಂದು ಸಣ್ಣ ತಪ್ಪು, ಬಹಳ ಕಡೆ ಇರುವುದು. ಪ್ಯಾಕೆಟನ್ನು ಮೇಲಿನ ಪದರಕ್ಕೆ ಒಪ್ಪಿಸುವ ನ್ಯಾಪಿ ಜಿಆರ್‌ಒ ರಿಸೀವ್ ಕರೆದ ಮೇಲೆ ಆ ಎಸ್‌ಕೆಬಿ ನಿಮ್ಮದಲ್ಲ. ಕರೆದ ಮರುಸಾಲಿನಲ್ಲಿ ಬೈಟ್ ಎಣಿಕೆಗಾಗಿ ಅದರ ಉದ್ದ ಓದುವವರಿದ್ದಾರೆ. ಅಷ್ಟರಲ್ಲಿ ಅದು ಬೇರೆ ಎಸ್‌ಕೆಬಿಯಲ್ಲಿ ಲೀನವಾಗಿ ಫ್ರೀ ಆಗಿರಬಹುದು. ಉದ್ದವನ್ನು ಮೊದಲೇ ಒಂದು ವೇರಿಯಬಲ್‌ಗೆ ತೆಗೆದಿಡಿ.

4 ಎಂಬಿ ಸೋರಿಕೆ, ಮತ್ತು ಮುಟ್ಟಿದರೆ ಕ್ರ್ಯಾಶ್

ಪ್ರತಿ ಸಲ ಹೋಗುತ್ತಿರುವುದು 4 ಎಂಬಿ ಎಂದಿರಿ. 256 ಗುಣಿಸು 16 ಕೆಬಿ ಎಷ್ಟು? ಇಡೀ ರಿಂಗ್ ಹೋಗುತ್ತಿದೆ. ಟ್ರಾಫಿಕ್ ಇಲ್ಲದಾಗ ಹೆಚ್ಚುಕಡಿಮೆ ಎಲ್ಲ ಬಫರ್‌ಗಳೂ ಹಾರ್ಡ್‌ವೇರ್ ಬಳಿಯೇ ಇರುತ್ತವೆ, ನೀವು ಬಿಟ್ಟುಬಿಡುತ್ತಿರುವುದೂ ಅವನ್ನೇ. ಖಚಿತ ಮಾಡಿಕೊಳ್ಳಲು ಸ್ಲ್ಯಾಬ್‌ಇನ್ಫೊದಲ್ಲಿ ಎಸ್‌ಕೆಬಫ್ ಹೆಡ್ ಕ್ಯಾಶೆ ಸಾಲು ನೋಡಿ. ಪ್ರತಿ ಡೌನ್-ಅಪ್‌ಗೂ ಸುಮಾರು 256 ಏರುತ್ತಿರುತ್ತದೆ.

ಫ್ರೀ ಮಾಡಿದರೆ ಕ್ರ್ಯಾಶ್ ಆಗುವುದು ಏಕೆಂದರೆ ಮ್ಯಾಕ್ ಇನ್ನೂ ಬರೆಯುತ್ತಿದೆ. ನೀವು ರಿಸೀವ್ ಬಿಟ್ ಆರಿಸಿದ ಕೂಡಲೇ ಡಿಎಂಎ ನಿಲ್ಲುವುದಿಲ್ಲ. ಎಫ್‌ಐಎಫ್‌ಒದಲ್ಲಿ (ಮ್ಯಾಕ್ ಒಳಗಿನ ತಾತ್ಕಾಲಿಕ ಸಾಲು) ಉಳಿದದ್ದನ್ನು ಬರೆದು ಮುಗಿಸಿ ಆಮೇಲೆ ನಿಲ್ಲುತ್ತದೆ. ಅಷ್ಟರಲ್ಲಿ ಫ್ರೀ ಮಾಡಿದ ಪೇಜ್ ಯಾವುದೋ ಫೈಲ್‌ಸಿಸ್ಟಮ್‌ನ ಕೈ ಸೇರಿರುತ್ತದೆ, ಅದರ ಮೇಲೆ ಪ್ಯಾಕೆಟ್ ಬಂದು ಕೂರುತ್ತದೆ. ಕ್ರ್ಯಾಶ್ ಆಗುವುದು ಫೈಲ್‌ಸಿಸ್ಟಮ್‌ನಲ್ಲಿ, ತಪ್ಪು ನಿಮ್ಮಲ್ಲಿ.

ಕಣ್ಣಾರೆ ಕಾಣಬೇಕೆಂದರೆ ಪೇಜ್ ಪಾಯ್ಸನಿಂಗ್ ಇರುವ ಕರ್ನಲ್ ಕಟ್ಟಿ, ಬೂಟ್ ಸಾಲಿನಲ್ಲಿ ಅದನ್ನು ಚಾಲೂ ಮಾಡಿ, ಟ್ರಾಫಿಕ್ ಓಡುತ್ತಿರುವಾಗಲೇ ಡೌನ್ ಮಾಡಿ. ಫ್ರೀ ಆದ ಪೇಜ್‌ಗಳಲ್ಲಿ ಕರ್ನಲ್ ಎಎ ಎಂಬ ಬೈಟ್ ತುಂಬಿಡುತ್ತದೆ, ಮತ್ತೆ ಕೊಡುವಾಗ ಅದು ಹಾಗೇ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೆಟ್ಟ ಭಾಗವನ್ನು ಹೆಕ್ಸ್‌ನಲ್ಲಿ ಸುರಿಯುತ್ತದೆ. ಆ ಡಂಪ್‌ನ ಶುರುವಿನಲ್ಲಿ ಆರು ಎಫ್‌ಎಫ್ ಬೈಟ್, ನಂತರ ಪಕ್ಕದ ಯಾವುದೋ ಯಂತ್ರದ ಆರು ಬೈಟ್‌ನ ಮ್ಯಾಕ್ ವಿಳಾಸ, ಅದಾದ ಮೇಲೆ 08 06 ಕಂಡರೆ ಅದು ಎಆರ್‌ಪಿ ಬ್ರಾಡ್‌ಕಾಸ್ಟ್. ಆರು ಬೈಟ್ ನಿಮ್ಮದೇ ಬೋರ್ಡ್‌ನ ವಿಳಾಸವಾಗಿದ್ದು 08 00 ಇದ್ದರೆ ಐಪಿವಿ4 ಪ್ಯಾಕೆಟ್. ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಸ್ಟಾಪ್ ಫಂಕ್ಷನ್ನಿನ ಕ್ರಮ ಹೀಗಿರಲಿ: ಟ್ರಾನ್ಸ್‌ಮಿಟ್ ಕ್ಯೂ ನಿಲ್ಲಿಸಿ, ಫೈ (ತಂತಿಯ ಕಡೆಯ ಹಾರ್ಡ್‌ವೇರ್) ನಿಲ್ಲಿಸಿ, ನ್ಯಾಪಿ ಡಿಸೇಬಲ್ ಮಾಡಿ, ಮರುತುಂಬುವ ಟೈಮರ್ ಇದ್ದರೆ ಅದನ್ನು ಸಿಂಕ್ ಆಗಿ ರದ್ದು ಮಾಡಿ. ಮ್ಯಾಕ್‌ನ ರಿಸೀವರ್ ಆರಿಸಿ, ಆಮೇಲೆ ಡಿಎಂಎ. ಡಿಎಂಎ ನಿಜವಾಗಿ ನಿಂತಿತೆಂದು ಸ್ಟೇಟಸ್ ರಿಜಿಸ್ಟರ್ ಹೇಳುವವರೆಗೆ, ಒಂದು ಮಿತಿ ಇಟ್ಟುಕೊಂಡು, ಕಾಯಿರಿ. ಆಮೇಲೆ 256 ಜಾಗಗಳನ್ನೂ ಒಂದೊಂದಾಗಿ ನೋಡಿ: ಡ್ರೈವರ್‌ನ ಪಟ್ಟಿಯಲ್ಲಿ ಬಫರ್ ಇದ್ದರೆ ಅನ್‌ಮ್ಯಾಪ್ ಮಾಡಿ, ಫ್ರೀ ಮಾಡಿ, ಪಾಯಿಂಟರ್ ನಲ್ ಮಾಡಿ. ಇಲ್ಲಿ ಓನ್ ಬಿಟ್ ನೋಡಲೇಬೇಡಿ. ಡಿಎಂಎ ನಿಂತ ಮೇಲೆ ಎಲ್ಲ ಬಫರ್‌ಗಳೂ ನಿಮ್ಮವೇ. ಕಾಯುವ ಮಿತಿ ಮೀರಿದರೆ ಮ್ಯಾಕ್‌ಗೆ ರೀಸೆಟ್ ಕೊಡಿ. ರೀಸೆಟ್‌ಗೂ ಬಗ್ಗದಿದ್ದರೆ, ಆಗ ಮಾತ್ರ, ಲಾಗ್‌ನಲ್ಲಿ ಜೋರಾಗಿ ಬರೆದು ಫ್ರೀ ಮಾಡದೆ ಬಿಡಿ. ಸೋರಿದ ಮೆಮೊರಿಯನ್ನು ಸಹಿಸಬಹುದು, ಕೆಟ್ಟ ಮೆಮೊರಿಯನ್ನಲ್ಲ. ಇದೇ ನಿಲ್ಲಿಸುವ ಕೆಲಸ ಡ್ರೈವರ್‌ನ ಶಟ್‌ಡೌನ್ ಕಾಲ್‌ಬ್ಯಾಕ್‌ನಲ್ಲೂ ಇರಬೇಕು. ಇಲ್ಲದಿದ್ದರೆ ಕೆಎಕ್ಸೆಕ್ (ಹಳೆಯ ಕರ್ನಲ್‌ನಿಂದಲೇ ನೇರ ಹೊಸದನ್ನು ಚಾಲೂ ಮಾಡುವುದು) ಮೂಲಕ ಬಂದ ಹೊಸ ಕರ್ನಲ್‌ನ ಮೇಲೆ ಹಳೆಯ ರಿಂಗ್ ಪ್ಯಾಕೆಟ್ ಸುರಿಯುತ್ತದೆ.

ಡಿಎಂಎ ಮ್ಯಾಪಿಂಗ್‌ನಲ್ಲಿ ಎಡವುವ ಜಾಗಗಳು

ರಿಂಗ್‌ಗೆ ಕೊಹೆರೆಂಟ್ ಮೆಮೊರಿ (ಸಿಪಿಯು, ಹಾರ್ಡ್‌ವೇರ್ ಇಬ್ಬರಿಗೂ ಒಂದೇ ರೀತಿ ಕಾಣುವುದು), ಬಫರ್‌ಗಳಿಗೆ ಸ್ಟ್ರೀಮಿಂಗ್ ಮ್ಯಾಪಿಂಗ್ (ಕೈ ಬದಲಾದಾಗೆಲ್ಲ ಸಿಂಕ್ ಮಾಡಬೇಕಾದದ್ದು), ಇದು ನಿಮಗೆ ಗೊತ್ತು. ಆರ್ಮ್ ಬೋರ್ಡ್‌ಗಳಲ್ಲಿ ಮ್ಯಾಕ್ ಹೆಚ್ಚಾಗಿ ಕ್ಯಾಶೆಯನ್ನು ನೋಡುವುದಿಲ್ಲ. ಬಫರ್ ಹಾರ್ಡ್‌ವೇರ್ ಬಳಿ ಇರುವಾಗಲೂ ಸಿಪಿಯು ಊಹೆಯ ಮೇಲೆ ಆ ಸಾಲುಗಳನ್ನು ಕ್ಯಾಶೆಗೆ ಎಳೆದುಕೊಂಡಿರಬಹುದು. ಅದಕ್ಕೇ ಪ್ಯಾಕೆಟ್ ಓದುವ ಮುನ್ನ ಸಿಂಕ್ ಫಾರ್ ಸಿಪಿಯು ಬೇಕು. ಬಿಟ್ಟುಬಿಟ್ಟರೆ ಕಾಣುವ ಲಕ್ಷಣ ವಿಶಿಷ್ಟವಾಗಿರುತ್ತದೆ: ಆಗಾಗ ಟಿಸಿಪಿ ಚೆಕ್‌ಸಮ್ ತಪ್ಪುತ್ತದೆ, ಪ್ಯಾಕೆಟ್ ಬಿಚ್ಚಿ ನೋಡಿದರೆ ಸರಿಯಾಗಿ 64 ಬೈಟ್‌ನ ತುಂಡೊಂದರಲ್ಲಿ ಹಿಂದಿನ ಪ್ಯಾಕೆಟ್‌ನ ಡೇಟಾ ಇರುತ್ತದೆ. ಕೇಬಲ್ ಕೆಟ್ಟರೆ ಹಾಗಾಗುವುದಿಲ್ಲ, ಎಫ್‌ಸಿಎಸ್‌ನಲ್ಲೇ ಸಿಕ್ಕಿಬೀಳುತ್ತದೆ.

ಮ್ಯಾಪ್ ಮಾಡಿದ ಉದ್ದಕ್ಕೇ ಅನ್‌ಮ್ಯಾಪ್ ಮಾಡಬೇಕು. ಎಂಟಿಯು ಬದಲಾದಾಗ ಡ್ರೈವರ್‌ನ ಬಫರ್ ಗಾತ್ರದ ವೇರಿಯಬಲ್ ಮೊದಲು ಬದಲಾಗಿ, ಹಳೆಯ ಬಫರ್‌ಗಳು ಹೊಸ ಗಾತ್ರದಲ್ಲಿ ಅನ್‌ಮ್ಯಾಪ್ ಆಗುವುದು ಸಾಮಾನ್ಯ ತಪ್ಪು. ಕರ್ನಲ್‌ನಲ್ಲಿ ಡಿಎಂಎ ಎಪಿಐ ಡಿಬಗ್ ಆನ್ ಮಾಡಿಕೊಂಡೇ ಡ್ರೈವರ್ ಬರೆಯಿರಿ. ಗಾತ್ರದ ವ್ಯತ್ಯಾಸ, ಎರಡು ಸಲ ಅನ್‌ಮ್ಯಾಪ್, ಮ್ಯಾಪಿಂಗ್ ಎರರ್ ನೋಡದೆ ಬಿಟ್ಟದ್ದು, ಎಲ್ಲಕ್ಕೂ ಅದು ಸಾಲು ಸಮೇತ ಬೈಯುತ್ತದೆ. ಮ್ಯಾಕ್ 32 ಬಿಟ್ ವಿಳಾಸ ಮಾತ್ರ ಬಲ್ಲದ್ದಾಗಿದ್ದು, ಬೋರ್ಡ್‌ನ ರ‍್ಯಾಮ್ 4 ಜಿಬಿ ವಿಳಾಸದಾಚೆಗೂ ಇದ್ದರೆ, ಆ ಕಡೆಯ ಬಫರ್‌ಗಳೆಲ್ಲ ಎಸ್‌ಡಬ್ಲ್ಯುಐಒಟಿಎಲ್‌ಬಿ (ಕೆಳಗಿನ ವಿಳಾಸದಲ್ಲಿರುವ ಮಧ್ಯಂತರ ಬಫರ್‌ಗಳ ಪೂಲ್) ಮೂಲಕ ಒಂದು ಹೆಚ್ಚಿನ ಕಾಪಿ ಆಗಿ ಬರುತ್ತವೆ. ಆ ಪೂಲ್ ಸಾಮಾನ್ಯವಾಗಿ 64 ಎಂಬಿ. ಅಂಥಲ್ಲಿ ಪೇಜ್ ಕೇಳುವಾಗಲೇ ಡಿಎಂಎ32 ವಲಯದಿಂದ ಕೇಳಿ.

ಟ್ರಾನ್ಸ್‌ಮಿಟ್ ಕಡೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ಟ್ರಾನ್ಸ್‌ಮಿಟ್ ಬ್ಯುಸಿ (ಈಗ ಕಳಿಸಲಾಗದು) ಎಂದು ವಾಪಸ್ ಕೊಟ್ಟರೆ ಎಸ್‌ಕೆಬಿಯನ್ನು ಫ್ರೀ ಮಾಡಬಾರದು, ಅದು ಇನ್ನೂ ಮೇಲಿನವರದ್ದು. ಮ್ಯಾಪಿಂಗ್ ಫೇಲ್ ಆಗಿ ಪ್ಯಾಕೆಟ್ ಬಿಡುತ್ತಿದ್ದರೆ ಫ್ರೀ ಮಾಡಿ ಓಕೆ ಎಂದೇ ಹೇಳಬೇಕು, ಅದಕ್ಕೂ ಮುನ್ನ ಆಗಲೇ ಮ್ಯಾಪ್ ಆದ ತುಂಡುಗಳನ್ನು ಹಿಂದಿನಿಂದ ಬಿಚ್ಚಿಕೊಂಡು ಬರಬೇಕು. ಒಂದು ಎಸ್‌ಕೆಬಿಯಲ್ಲಿ ತಲೆಯ ಜೊತೆ 17 ತುಂಡುಗಳವರೆಗೆ ಇರಬಹುದು. ಆದ್ದರಿಂದ 18ಕ್ಕಿಂತ ಕಡಿಮೆ ಡಿಸ್ಕ್ರಿಪ್ಟರ್ ಉಳಿದಾಗಲೇ ಕ್ಯೂ ನಿಲ್ಲಿಸಿ.

ಇನ್ನು ಪೇಜ್ ಪೂಲ್

2018ರಲ್ಲಿ ಲಿನಕ್ಸ್ 4.18ಕ್ಕೆ ಬಂದ ಸೌಲಭ್ಯ ಇದು. ಕೆಲಸ ಇಷ್ಟು: ಪೇಜ್‌ಗಳನ್ನು ಒಮ್ಮೆ ಪಡೆದು, ಒಮ್ಮೆ ಮ್ಯಾಪ್ ಮಾಡಿ, ಸುತ್ತಿ ಸುತ್ತಿ ಬಳಸುವುದು. ನ್ಯಾಪಿ ಒಳಗೆ ಲಾಕ್ ಇಲ್ಲದೆ ಸಿಗುವ 128 ಪೇಜ್‌ಗಳ ಸಣ್ಣ ಕ್ಯಾಶೆ, ಹೊರಗಿನಿಂದ ವಾಪಸ್ ಬರುವ ಪೇಜ್‌ಗಳಿಗೆ ಒಂದು ರಿಂಗ್. 5.14ರಿಂದ ಎಸ್‌ಕೆಬಿಗೆ ಗುರುತು ಹಾಕಿ ಮೇಲಕ್ಕೆ ಕಳಿಸಿದರೆ, ಅಪ್ಲಿಕೇಶನ್ ಓದಿ ಮುಗಿಸಿದ ಮೇಲೆ ಪೇಜ್ ತಾನಾಗಿ ಪೂಲ್‌ಗೆ ಮರಳುತ್ತದೆ. ನಿಮ್ಮದು 5.15, ಅಡ್ಡಿಯಿಲ್ಲ.

ಪೂಲ್ ಕಟ್ಟುವಾಗ ಆರ್ಡರ್ 0, ಪೂಲ್ ಗಾತ್ರ 1024, ದಿಕ್ಕು ಫ್ರಮ್ ಡಿವೈಸ್, ಆಫ್‌ಸೆಟ್ 64, ಗರಿಷ್ಠ ಉದ್ದ 3712 ಕೊಡಿ. ಡಿಎಂಎ ಮ್ಯಾಪ್ ಮತ್ತು ಸಿಂಕ್ ಡೆವ್ ಎರಡೂ ಫ್ಲ್ಯಾಗ್ ಹಾಕಿ. ಎರಡನೆಯ ಫ್ಲ್ಯಾಗ್ ಹಾರ್ಡ್‌ವೇರ್ ಕಡೆಯ ಸಿಂಕ್ ಮಾತ್ರ ನೋಡಿಕೊಳ್ಳುತ್ತದೆ. ಸಿಪಿಯು ಕಡೆಯದು ಈಗಲೂ ನಿಮ್ಮ ಹೊಣೆ, ಇದನ್ನು ಮರೆಯುವವರು ಬಹಳ. ಫ್ರೇಮ್‌ನ ಮೊದಲ ಪೇಜ್‌ಗೆ ಬಿಲ್ಡ್ ಎಸ್‌ಕೆಬಿ, ಮುಂದಿನವಕ್ಕೆ ಆ್ಯಡ್ ಆರ್‌ಎಕ್ಸ್ ಫ್ರ್ಯಾಗ್, ಟ್ರೂಸೈಜ್ ಕಾಲಂನಲ್ಲಿ ಪ್ರಾಮಾಣಿಕವಾಗಿ 4096. ಕೊನೆಗೆ ಮಾರ್ಕ್ ಫಾರ್ ರೀಸೈಕಲ್. 256 ಬೈಟ್‌ಗಿಂತ ಸಣ್ಣ ಫ್ರೇಮ್ ಬಂದರೆ ಸಣ್ಣದೊಂದು ಎಸ್‌ಕೆಬಿಗೆ ಕಾಪಿ ಮಾಡಿ ಪೇಜನ್ನು ಅಲ್ಲೇ ಉಳಿಸಿಕೊಳ್ಳಿ. ಕಾಪಿಯ ಖರ್ಚು ನಗಣ್ಯ. 100 ಬೈಟ್‌ಗೆ 4096ರ ಪೇಜ್ ಸಾಕೆಟ್‌ನಲ್ಲಿ ಕೂರುವುದು ತಪ್ಪುತ್ತದೆ.

ಮಾರ್ಕ್ ಹಾಕುವುದು ಮರೆತರೆ ಕೂಡಲೇ ಏನೂ ಆಗುವುದಿಲ್ಲ, ಅದೇ ಅಪಾಯ. ಪೇಜ್‌ಗಳು ಪೂಲ್‌ಗೆ ಬಾರದೆ ನೇರ ಕರ್ನಲ್‌ಗೆ ಹೋಗುತ್ತವೆ, ಪೂಲ್ ಮಾತ್ರ ಅವು ಇನ್ನೂ ಹೊರಗಿವೆ ಎಂದು ಎಣಿಸುತ್ತಿರುತ್ತದೆ. ಇಂಟರ್‌ಫೇಸ್ ಡೌನ್ ಮಾಡಿದ ಮೇಲೆ 60 ಸೆಕೆಂಡ್‌ಗೊಮ್ಮೆ "ಸ್ಟಾಲ್ಡ್ ಪೂಲ್ ಶಟ್‌ಡೌನ್" ಎಂಬ ಎಚ್ಚರಿಕೆ ಲಾಗ್‌ಗೆ ಬೀಳುತ್ತದೆ, ಜೊತೆಗೆ ಎಷ್ಟು ಪೇಜ್ ಇನ್‌ಫ್ಲೈಟ್ (ಇನ್ನೂ ಮರಳಿಲ್ಲ) ಎಂಬ ಸಂಖ್ಯೆ. ಆ ಸಂಖ್ಯೆ ಕ್ರಮೇಣ ಇಳಿಯುತ್ತಿದ್ದರೆ ಯಾವುದೋ ಅಪ್ಲಿಕೇಶನ್ ತನ್ನ ಸಾಕೆಟ್ ಓದದೆ ಕೂತಿದೆ, ನಿಮ್ಮ ತಪ್ಪಲ್ಲ. ಎಲ್ಲ ಸಾಕೆಟ್ ಮುಚ್ಚಿದ ಮೇಲೂ ಜಗ್ಗದಿದ್ದರೆ ಡ್ರೈವರ್‌ನಲ್ಲೇ ಹುಡುಕಿ, ಮುಖ್ಯವಾಗಿ ಎರರ್ ಬಂದಾಗ ಅರ್ಧಕ್ಕೆ ಬಿಡುವ ದಾರಿಗಳಲ್ಲಿ: ಮೂರು ತುಂಡಿನ ಫ್ರೇಮ್‌ನಲ್ಲಿ ಎರಡು ಸೇರಿಸಿದ ಮೇಲೆ ಎರರ್ ಕಂಡರೆ ಆ ಎರಡು ಎಲ್ಲಿ ಹೋದವು? ಇಂಥಲ್ಲಿ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ನೆಚ್ಚಬೇಡಿ, ಅದು ಪೇಜ್ ಅಲೊಕೇಟರ್‌ನಿಂದ ನೇರ ಪಡೆದದ್ದನ್ನು ಹಿಂಬಾಲಿಸುವುದಿಲ್ಲ. ಯಾವ ಪೇಜನ್ನು ಯಾರು ಪಡೆದರೆಂದು ದಾಖಲಿಸುವ ಪೇಜ್ ಓನರ್ ಬಳಸಿ. ಇನ್ನೊಂದು ಮಾತು: ರೀಸೈಕಲ್ ಡೈರೆಕ್ಟ್ ಎಂಬ ಕರೆ ನ್ಯಾಪಿ ಒಳಗೆ ಮಾತ್ರ. ಸ್ಟಾಪ್ ಫಂಕ್ಷನ್ನಿನಲ್ಲಿ ಪುಟ್ ಫುಲ್ ಪೇಜ್‌ಗೆ ಡೈರೆಕ್ಟ್ ಅಲ್ಲವೆಂದು ಹೇಳಿ ಕರೆಯಿರಿ.

ಪೂಲ್ ಇದ್ದರೂ ಅಲೊಕೇಶನ್ ಫೇಲ್ ಆಗಬಹುದು, ಅದರಲ್ಲೂ ಪೇಜ್‌ಗಳೆಲ್ಲ ಸಾಕೆಟ್‌ಗಳಲ್ಲಿ ಸಿಕ್ಕಿಕೊಂಡಿರುವಾಗ. ಆದ್ದರಿಂದ ಗ್ಯಾಸ್ ಸಿಲಿಂಡರ್ ಕ್ರಮ ಇಲ್ಲೂ ಬೇಕು. ಅದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ರಾತ್ರಿಯಿಡೀ ಲೋಡ್ ಹಾಕಿ ಕಾಯಬೇಕಿಲ್ಲ. ಫಾಲ್ಟ್ ಇಂಜೆಕ್ಷನ್ (ಬೇಕೆಂದೇ ಅಲೊಕೇಶನ್ ಫೇಲ್ ಮಾಡಿಸುವ ಸೌಲಭ್ಯ) ಇರುವ ಕರ್ನಲ್‌ನಲ್ಲಿ ಡಿಬಗ್‌ಎಫ್‌ಎಸ್ ಒಳಗಿನ ಫೇಲ್ ಪೇಜ್ ಅಲಾಕ್ ಡೈರೆಕ್ಟರಿಗೆ ಹೋಗಿ. ಪ್ರಾಬಬಿಲಿಟಿ 20, ಟೈಮ್ಸ್ -1 ಮಾಡಿ. ಮಿನ್ ಆರ್ಡರ್ ಡೀಫಾಲ್ಟ್ ಆಗಿ 1 ಇರುತ್ತದೆ, ಅದನ್ನು 0 ಮಾಡದಿದ್ದರೆ ನಿಮ್ಮ ಒಂಟಿ ಪೇಜ್‌ಗಳು ಎಂದೂ ಫೇಲ್ ಆಗುವುದಿಲ್ಲ, ಟೆಸ್ಟ್ ಪಾಸಾಯಿತೆಂದು ಮೋಸಹೋಗುತ್ತೀರಿ. ಇಗ್ನೋರ್ ಜಿಎಫ್‌ಪಿ ವೇಟ್ ಹಾಗೇ ಇರಲಿ, ಕಾಯಬಲ್ಲ ಅಲೊಕೇಶನ್‌ಗಳನ್ನು ಅದು ಬಿಟ್ಟುಬಿಡುವುದರಿಂದ ಉಳಿದ ವ್ಯವಸ್ಥೆ ಬದುಕಿರುತ್ತದೆ. ಈಗ ಜಂಬೊ ಫ್ರೇಮ್‌ಗಳ ಟ್ರಾಫಿಕ್ ಓಡಿಸಿ. ಆರ್‌ಎಕ್ಸ್ ಡ್ರಾಪ್ಡ್ ಏರಬೇಕು, ವೇಗ ಇಳಿಯಬೇಕು, ಆದರೆ ಹರಿವು ನಿಲ್ಲಬಾರದು. ಆಮೇಲೆ ಪ್ರಾಬಬಿಲಿಟಿ 100 ಮಾಡಿ ಒಂದು ನಿಮಿಷ ಬಿಡಿ, ಮತ್ತೆ 0 ಮಾಡಿ. ಡೌನ್-ಅಪ್ ಇಲ್ಲದೆ ಒಂದು ಸೆಕೆಂಡ್‌ನೊಳಗೆ ಪಿಂಗ್‌ಗೆ ಉತ್ತರ ಬರಬೇಕು.